ಆ ಫೋಟೋದಲ್ಲಿರುವುದು ರೂಪಾಂತರವಲ್ಲ, ನುಸಿಯ ಕಾಟ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಜೇನುನೊಣಗಳ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. 'ಜೇನುನೊಣಗಳಲ್ಲಿ ಭಯಾನಕ ರೂಪಾಂತರ' ಅಂತ ತಲೆಬರಹ. ಜೊತೆಗೆ ದೊಡ್ಡ ಬಣ್ಣದ ಫೋಟೋ. ಅದರಲ್ಲಿ ಒಂದು ಕೆಲಸಗಾರ ನೊಣ. ಅದರ ರೆಕ್ಕೆಗಳು ಬೆಂಕಿ ತಾಗಿದ ಪ್ಲಾಸ್ಟಿಕ್ಕಿನ ಹಾಗೆ ಮುದುಡಿಕೊಂಡಿವೆ. ಕೆಳಗೆ 'ವಂಶವಾಹಿ ಕೆಟ್ಟು ಹುಟ್ಟಿದ ನೊಣ' ಎಂದು ಬರೆದಿದ್ದೀರಿ.

ಅದು ತಪ್ಪು. ಆ ನೊಣದ ವಂಶವಾಹಿಗೆ ಏನೂ ಆಗಿಲ್ಲ. ಅದಕ್ಕೆ ತಗಲಿರುವುದು ಒಂದು ವೈರಸ್. ಆ ವೈರಸ್ಸನ್ನು ಗೂಡಿನಲ್ಲಿ ಹರಡುವುದು ಒಂದು ನುಸಿ. ಜೇನು ಸಾಕುವ ಯಾರನ್ನಾದರೂ ಕೇಳಿದ್ದರೆ ಫೋಟೋ ನೋಡಿದ ತಕ್ಷಣ ಹೇಳುತ್ತಿದ್ದರು.

ಇಷ್ಟು ಹೇಳಲು ಎರಡು ಸಾಲು ಸಾಕಿತ್ತು, ಗೊತ್ತು. ಆದರೆ ಪೇಪರ್ ಬಂದ ದಿನವೇ ಪಕ್ಕದ ಮನೆಯವರು ಅದನ್ನು ಮಡಚಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. "ಏನ್ರೀ, ನಿಮ್ಮ ಪೆಟ್ಟಿಗೆಗಳಲ್ಲೂ ಇಂಥದ್ದೆಲ್ಲ ಇದೆಯಾ?" ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. "ಇದು ಇಲ್ಲ, ಆದರೆ ಇದಕ್ಕಿಂತ ವಿಚಿತ್ರವಾದದ್ದು ಇದೆ, ಬನ್ನಿ ತೋರಿಸ್ತೀನಿ" ಅಂದುಬಿಟ್ಟೆ. ಅವರು ಬರಲಿಲ್ಲ. ಮಾರನೇ ದಿನ ಅವರ ಮಗ ಬಂದು, ಪೆಟ್ಟಿಗೆಗಳನ್ನು ಸುಟ್ಟು ಹಾಕುವುದು ಒಳ್ಳೆಯದಲ್ವಾ ಎಂದು ಬಹಳ ಮರ್ಯಾದೆಯಿಂದಲೇ ಕೇಳಿದ. ಅದಕ್ಕೇ ಈ ಪತ್ರ ಉದ್ದವಾಗುತ್ತದೆ. ದಯವಿಟ್ಟು ಸಹಿಸಿಕೊಳ್ಳಿ. ಕತ್ತರಿ ಹಾಕಲೇಬೇಕಾದರೆ ನನ್ನ ಬಗ್ಗೆ ಬರೆದ ಮುಂದಿನ ನಾಲ್ಕು ಸಾಲಿಗೆ ಹಾಕಿ.

ನಾನು ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು. ವಿಜ್ಞಾನ ಓದಿದವನಲ್ಲ. ಕೈ ನಡುಗಲು ಶುರುವಾದ ಮೇಲೆ ಗಡಿಯಾರ ಬಿಟ್ಟು ಜೇನು ಹಿಡಿದೆ. ಈಗ ಒಂಬತ್ತು ಪೆಟ್ಟಿಗೆ, ಎಲ್ಲವೂ ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನು. ಹಳೇ ಕಸುಬಿನಿಂದ ಉಳಿದದ್ದು ಒಂದೇ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಅದನ್ನು ಹಾಕಿಕೊಂಡು ಎರಿ, ಅಂದರೆ ನೊಣಗಳು ಕಟ್ಟುವ ಮೇಣದ ಹಲ್ಲೆ, ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಹೆಂಡತಿಯ ದೂರು ಬೇರೆ: ಗಡಿಯಾರಕ್ಕಾದರೂ ದುಡ್ಡು ಕೊಡುತ್ತಿದ್ದರು ಅಂತಾಳೆ.

ನಾಲ್ಕನೇ ಪೆಟ್ಟಿಗೆಯಲ್ಲಿ ಹೋದ ವರ್ಷ ಒಂದು ಗಂಡುನೊಣ ಕಂಡಿತು. ಅದಕ್ಕೆ ಬಿಳಿ ಕಣ್ಣು. ಹಾಲಿನಂಥ ಬಿಳಿ. ಗಂಡುನೊಣಗಳ ಕಣ್ಣು ಎಷ್ಟು ದೊಡ್ಡದೆಂದು ನೋಡಿದವರಿಗೆ ಗೊತ್ತು. ಎರಡೂ ಕಣ್ಣು ನೆತ್ತಿಯ ಮೇಲೆ ಬಂದು ಒಂದಕ್ಕೊಂದು ತಾಗುತ್ತವೆ. ತಲೆಯೆಲ್ಲ ಕಣ್ಣೇ. ಕಪ್ಪಾಗಿರಬೇಕಾದ ಅಷ್ಟೂ ಜಾಗ ಬಿಳಿಯಾಗಿದ್ದರೆ ನೋಡಲು ಹೇಗಿರುತ್ತದೆ ಯೋಚಿಸಿ. ಮೊದಲು ಸುಣ್ಣವೋ ಬೂಷ್ಟೋ ಮೆತ್ತಿಕೊಂಡಿರಬೇಕು ಅಂದುಕೊಂಡು ಕುಂಚದ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಹುಡುಕಿದರೆ ಅದೇ ಎರಿಯಲ್ಲಿ ಇನ್ನೂ ಏಳು ಸಿಕ್ಕವು.

ಇದು ನಿಜವಾದ ರೂಪಾಂತರ. ಶಾಲೆಯ ಪುಸ್ತಕದಲ್ಲಿ ಇದನ್ನು ಉತ್ಪರಿವರ್ತನೆ ಅಂತಾರೆ. ನನಗೆ ಆ ಪದ ಬಾಯಿಗೆ ಹತ್ತುವುದಿಲ್ಲ. ಮ್ಯುಟೇಷನ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಕಣ್ಣಿನ ಬಣ್ಣ ಒಂದೇ ಸಲಕ್ಕೆ ತಯಾರಾಗುವುದಿಲ್ಲ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಇದೆ. ಅದು ಒಂದಾದ ಮೇಲೊಂದು ಹೆಜ್ಜೆಯಲ್ಲಿ ಬದಲಾಗುತ್ತಾ ಕೊನೆಗೆ ಕಪ್ಪು ಕಂದು ಬಣ್ಣ ಆಗುತ್ತದೆ. ಪ್ರತಿ ಹೆಜ್ಜೆಗೂ ಒಂದೊಂದು ಕಿಣ್ವ, ಪ್ರತಿ ಕಿಣ್ವಕ್ಕೂ ಒಂದೊಂದು ಜೀನ್, ಅಂದರೆ ವಂಶವಾಹಿ. ಗಡಿಯಾರದಲ್ಲಿ ಒಂದು ಚಕ್ರ ಇನ್ನೊಂದನ್ನು ತಿರುಗಿಸುವ ಹಾಗೆ. ಎಲ್ಲಿ ಒಂದು ಹಲ್ಲು ಮುರಿಯಿತೋ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೊದಲ ಚಕ್ರವೇ ನಿಂತರೆ ಕಣ್ಣು ಪೂರ್ತಿ ಬಿಳಿ. ಅದಕ್ಕೆ 'ಸ್ನೋ' ಎಂದು ಹೆಸರಿಟ್ಟಿದ್ದಾರೆ. ಬೇರೆ ಬೇರೆ ಜೀನ್ ಕೆಟ್ಟರೆ ಬೇರೆ ಬೇರೆ ಬಣ್ಣ. ಐವರಿ, ಕ್ರೀಮ್, ಪರ್ಲ್, ಟ್ಯಾನ್, ಬ್ರಿಕ್, ಹಳದಿ ಹಸಿರಿನ ಶಾರ್ಟ್‌ರೂಸ್ ಹೀಗೆ ಬಣ್ಣದಂಗಡಿಯ ಪಟ್ಟಿಯ ಹಾಗೆ ಇದೆ ಆ ಹೆಸರುಗಳ ಸಾಲು. ಮೈಬಣ್ಣ ಬದಲಾಗುವುದೂ ಉಂಟು. 'ಕಾರ್ಡೋವನ್' ಎಂಬ ಮ್ಯುಟೇಷನ್ ಇದ್ದರೆ ಕಪ್ಪು ಇರಬೇಕಾದ ಕಡೆ ತೊಗಲಿನ ಕಂದು ಬರುತ್ತದೆ. ಇದರಿಂದ ಯಾರಿಗೂ ತೊಂದರೆ ಇಲ್ಲ, ಬದಲಿಗೆ ಉಪಯೋಗ ಇದೆ. ಕಾರ್ಡೋವನ್ ರಾಣಿಯನ್ನು ಕಾರ್ಡೋವನ್ ಗಂಡಿನ ಜೊತೆ ಕೂಡಿಸಿದರೆ ಮಕ್ಕಳೆಲ್ಲ ಕಂದು. ನಡುವೆ ಒಂದು ಕಪ್ಪು ಕಂಡರೆ ಬೇರೆ ಗಂಡು ನುಸುಳಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಆದರೆ ಬಿಳಿ ಕಣ್ಣು ಗಂಡುಗಳಲ್ಲಿ ಮಾತ್ರ ಯಾಕೆ ಬಂತು? ಅದೇ ಪೆಟ್ಟಿಗೆಯ ಸಾವಿರಾರು ಕೆಲಸಗಾರ ನೊಣಗಳ, ಅಂದರೆ ಹೆಣ್ಣುಗಳ, ಕಣ್ಣು ಸರಿಯಾಗಿಯೇ ಇತ್ತು. ನನಗೆ ಇದು ಅರ್ಥವಾಗಲು ಒಂದು ವಾರ ಬೇಕಾಯಿತು.

ಗಂಡುನೊಣಕ್ಕೆ ಅಪ್ಪ ಇಲ್ಲ. ಇದು ಬೈಗುಳ ಅಲ್ಲ, ನಿಜ. ರಾಣಿ ತನ್ನ ಹೊಟ್ಟೆಯಲ್ಲಿ ಕೂಡಿಟ್ಟ ವೀರ್ಯ ತಾಗಿಸಿ ಇಟ್ಟ ಮೊಟ್ಟೆ ಹೆಣ್ಣಾಗುತ್ತದೆ. ತಾಗಿಸದೆ ಇಟ್ಟದ್ದು ಗಂಡಾಗುತ್ತದೆ. ಜೀನುಗಳನ್ನು ಹೊತ್ತಿರುವ ಎಳೆಗಳಿಗೆ ಕ್ರೋಮೊಸೋಮು ಅಂತಾರೆ. ಹೆಣ್ಣಿಗೆ 32 ಕ್ರೋಮೊಸೋಮು, ಗಂಡಿಗೆ 16. ಹಾಗಾಗಿ ಗಂಡುನೊಣಕ್ಕೆ ಅಪ್ಪ ಇಲ್ಲ, ಅಜ್ಜ ಇದ್ದಾನೆ. ಗಂಡುಮಕ್ಕಳಿಲ್ಲ, ಮೊಮ್ಮಕ್ಕಳಲ್ಲಿ ಗಂಡುಗಳಿದ್ದಾರೆ. ಒಗಟು ಹೇಳಿದ ಹಾಗಿದೆ ಅಲ್ವಾ? ಇದನ್ನು ಮೊದಲು ಹೇಳಿದ್ದು ಮಧ್ಯ ಯುರೋಪಿನ ಸೈಲೀಷಿಯದ ಪಾದ್ರಿ ಯೋಹಾನ್ ಝೀರ್ಜೋನ್, 1845ರಲ್ಲಿ. ಆಗ ಕ್ರೋಮೊಸೋಮ್ ಎಂಬ ಮಾತೇ ಹುಟ್ಟಿರಲಿಲ್ಲ. ಪೆಟ್ಟಿಗೆ ತೆರೆದು ನೋಡಿ ನೋಡಿಯೇ ಅವರು ಕಂಡುಕೊಂಡದ್ದು. ಅದಕ್ಕೇ ಆ ಪಾದ್ರಿಯ ಮೇಲೆ ನನಗೆ ಜಾಸ್ತಿ ಅಭಿಮಾನ.

ಹೆಣ್ಣುನೊಣಕ್ಕೆ ಪ್ರತಿ ಜೀನಿನ ಎರಡು ಪ್ರತಿ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಗಂಡಿಗೆ ಇರುವುದು ಒಂದೇ ಪ್ರತಿ. ಅದು ಕೆಟ್ಟರೆ ಮುಚ್ಚಿಡಲು ಏನೂ ಇಲ್ಲ. ಅದಕ್ಕೇ ಜೇನಿನ ಜೀನಿನಲ್ಲಿ ಏನಾದರೂ ಎಡವಟ್ಟು ಆಗಿದ್ದರೆ ಅದು ಮೊದಲು ಕಣ್ಣಿಗೆ ಬೀಳುವುದು ಗಂಡುನೊಣದಲ್ಲಿ. ನನ್ನ ನಾಲ್ಕನೇ ಪೆಟ್ಟಿಗೆಯ ರಾಣಿಯ ಹತ್ತಿರ ಒಂದು ಸರಿಯಾದ ಪ್ರತಿ, ಒಂದು ಕೆಟ್ಟ ಪ್ರತಿ ಇರಬೇಕು. ಅವಳ ಕಣ್ಣು ಕಪ್ಪಗೇ ಇದೆ. ಆದರೆ ಅವಳು ಇಡುವ ಗಂಡು ಮೊಟ್ಟೆಗಳಲ್ಲಿ ಅರ್ಧಕ್ಕೆ ಕೆಟ್ಟದ್ದು ಹೋಗಬೇಕು. ಹಾಗಿದ್ದರೆ ಎಣಿಸಿ ನೋಡಬಹುದಲ್ಲ!

ಎಣಿಸಲು ಹೋಗಿ ಮೊದಲು ಮೂರ್ಖನಾದೆ. ಮುಚ್ಚಿದ ಗಂಡು ಕಣಗಳನ್ನು, ಅಂದರೆ ಎರಿಯಲ್ಲಿ ಗಂಡು ಮರಿ ಬೆಳೆಯುವ ಪುಟ್ಟ ಕೋಣೆಗಳನ್ನು, ಬಿಚ್ಚಿ ನೋಡಿದರೆ ಒಳಗಿದ್ದ ಮರಿಗಳಿಗೆಲ್ಲ ಬಿಳಿ ಕಣ್ಣು! ಒಂದಲ್ಲ ಎರಡಲ್ಲ, ಸಾಲಾಗಿ ಎಲ್ಲವೂ. ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದು ಒಂದನೇ ಪೆಟ್ಟಿಗೆ ತೆರೆದು ನೋಡಿದೆ. ಅಲ್ಲೂ ಬಿಳಿ. ಆಮೇಲೆ ಹೊಳೆಯಿತು. ಯಾವ ಜೇನುಮರಿಯಾದರೂ ಕಣದೊಳಗೆ ಮೊದಲು ಬಿಳಿ ಕಣ್ಣಿನದೇ. ಆಮೇಲೆ ಗುಲಾಬಿ, ನಂತರ ನೇರಳೆ, ಕೊನೆಗೆ ಕಪ್ಪು. ಮೊಟ್ಟೆಯಿಂದ ಹೊರಬರುವವರೆಗೆ ಗಂಡಿಗೆ 24 ದಿನ ಬೇಕು. ನಾನು ಬಿಚ್ಚಿದ್ದು ತೀರಾ ಎಳೆಯವು. ನಿಮ್ಮ ಬರಹಗಾರರ ಮೇಲೆ ನನಗೆ ಪೂರ್ತಿ ಸಿಟ್ಟು ಬರದಿರುವುದಕ್ಕೆ ಇದೂ ಒಂದು ಕಾರಣ.

ಹತ್ತು ದಿನ ಕಾದು, ಮೈ ಬಣ್ಣ ಬಂದು ಇನ್ನೇನು ಹೊರಬರಲಿದ್ದ ಮರಿಗಳನ್ನು ಮಾತ್ರ ಲೆಕ್ಕ ಹಾಕಿದೆ. ಒಟ್ಟು 46. ಅದರಲ್ಲಿ ಬಿಳಿ ಕಣ್ಣಿನವು 21. ನಾಣ್ಯ ಚಿಮ್ಮಿದ ಹಾಗೆ ಅರ್ಧಕ್ಕೆ ಹತ್ತಿರ. ಅವತ್ತಿನ ಖುಷಿಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೆಂಡತಿಗೆ ಹೇಳಿದೆ. "25 ಕಪ್ಪು ಕಣ್ಣಿನವು ಅಂತ ಯಾಕೆ ಹೇಳಬಾರದು?" ಅಂದಳು.

ಬಿಳಿ ಕಣ್ಣಿನ ಗಂಡುಗಳ ಗತಿ ಅಷ್ಟು ಚೆನ್ನಾಗಿಲ್ಲ. ಗೂಡಿನೊಳಗೆ ಕತ್ತಲಲ್ಲಿ ಅವಕ್ಕೆ ಯಾವ ಕೊರತೆಯೂ ಇಲ್ಲ. ತಿಂದುಂಡು ಬೆಳೆಯುತ್ತವೆ. ತೊಂದರೆ ಶುರುವಾಗುವುದು ಮೊದಲ ಹಾರಾಟದ ದಿನ. ಕಣ್ಣಿನ ಬಣ್ಣ ಇರುವುದು ಚೆಂದಕ್ಕಲ್ಲ. ಪಕ್ಕದಿಂದ ನುಗ್ಗುವ ಬೆಳಕನ್ನು ತಡೆಯಲು. ಆ ಪರದೆ ಇಲ್ಲದಿದ್ದರೆ ಎಲ್ಲ ಕಡೆಯಿಂದ ಬೆಳಕು ನುಗ್ಗಿ ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. ಮಧ್ಯಾಹ್ನ ಪೆಟ್ಟಿಗೆಯ ಮುಂದೆ ಕೂತು ನೋಡಿದೆ. ಕಪ್ಪು ಕಣ್ಣಿನವು ಬಾಗಿಲಲ್ಲಿ ಕಣ್ಣುಜ್ಜಿಕೊಂಡು, ಪೆಟ್ಟಿಗೆ ಕಡೆ ಮುಖ ಮಾಡಿ ಒಂದೆರಡು ಸುತ್ತು ಹಾಕಿ ಮೇಲೇರಿದವು. ಬಿಳಿಯವು ಸುರುಳಿ ಸುರುಳಿಯಾಗಿ ಸುತ್ತಿ ಹುಲ್ಲಿಗೆ ಬಿದ್ದವು. ಎರಡನ್ನು ಎತ್ತಿ ಮತ್ತೆ ಬಾಗಿಲಲ್ಲಿ ಬಿಟ್ಟೆ. ಮತ್ತೆ ಹಾಗೇ. ರಾಣಿಯ ಜೊತೆ ಕೂಡುವುದು ಆಕಾಶದಲ್ಲಿ, ಹಾರುತ್ತಲೇ. ಹಾಗಾಗಿ ಬಿಳಿ ಕಣ್ಣಿನ ಗಂಡು ತಂದೆಯಾಗುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಈ ಕೆಟ್ಟ ಪ್ರತಿ ಮುಂದಿನ ತಲೆಮಾರಿಗೆ ಹೋಗಬೇಕಾದರೆ ಹೆಣ್ಣಿನ ಕಡೆಯಿಂದಲೇ, ಕಣ್ಣಿಗೆ ಬೀಳದೆ ಹೋಗಬೇಕು.

ಇದು ಅಂಟುರೋಗ ಅಲ್ಲ. ಪಕ್ಕದ ಪೆಟ್ಟಿಗೆಗೆ ಹರಡುವುದಿಲ್ಲ, ಮನುಷ್ಯರಿಗೆ ಏನೂ ಮಾಡುವುದಿಲ್ಲ. ಪಕ್ಕದ ಮನೆಯವರು ಈ ಪತ್ರ ಓದುತ್ತಾರೆಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ಈಗ ನಿಮ್ಮ ಫೋಟೋಗೆ ಬರುತ್ತೇನೆ. ಅದರಲ್ಲಿರುವುದು ಕೆಲಸಗಾರ ನೊಣ, ಅಂದರೆ ಹೆಣ್ಣು. ಎರಡೆರಡು ಪ್ರತಿ ಇರುವವಳು. ರಾಣಿ ಕೂಡುವುದು ಒಂದು ಗಂಡಿನ ಜೊತೆ ಅಲ್ಲ, ಹತ್ತಿಪ್ಪತ್ತರ ಜೊತೆ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿರುವ ಅಕ್ಕತಂಗಿಯರಿಗೆ ಅಪ್ಪಂದಿರು ಬೇರೆ ಬೇರೆ. ಅಷ್ಟೂ ಗುಂಪುಗಳಲ್ಲಿ ಒಂದೇ ತಿಂಗಳಲ್ಲಿ ಒಂದೇ ಥರ ರೆಕ್ಕೆ ಮುದುಡಿದರೆ ಜೀನಿನ ಕಡೆ ಬೆರಳು ತೋರಿಸುವ ಮೊದಲು ಹತ್ತು ಸಲ ಯೋಚಿಸಬೇಕು. ಫೋಟೋದಲ್ಲಿ ಹೊಟ್ಟೆ ಗಿಡ್ಡವಾಗಿದೆ, ಗಮನಿಸಿದಿರಾ? ಅದೂ ಈ ರೋಗದ ಗುರುತೇ. ವೈರಸ್ಸಿನ ಹೆಸರೇ 'ಡಿಫಾರ್ಮ್ಡ್ ವಿಂಗ್ ವೈರಸ್', ಅಂದರೆ ರೆಕ್ಕೆ ಸೊಟ್ಟಗಾಗಿಸುವ ವೈರಸ್. ಇಂಥ ನೊಣ ಹಾರಲಾರದೆ ಬಾಗಿಲ ಮುಂದೆ ತೆವಳುತ್ತಾ ಕೆಲವೇ ದಿನದಲ್ಲಿ ಸಾಯುತ್ತದೆ. ಎಷ್ಟೋ ಸಲ ಜೊತೆಯವೇ ಅದನ್ನು ಎಳೆದು ಹೊರಗೆ ಹಾಕುತ್ತವೆ.

ವೈರಸ್ಸನ್ನು ಮರಿಯಿಂದ ಮರಿಗೆ ಚುಚ್ಚುವುದು ವರೋವಾ ನುಸಿ. ಕೆಂಪು ಕಂದು ಬಣ್ಣ, ಏಡಿಯ ಬೆನ್ನಿನ ಆಕಾರ, ಅಗಲ ಒಂದೂವರೆ ಮಿಲಿಮೀಟರಿನ ಆಸುಪಾಸು. ಬರಿಗಣ್ಣಿಗೇ ಕಾಣುತ್ತದೆ. ಮೊದಲು ಇದು ಏಷ್ಯಾದ ತುಡುವೆ ಜೇನಿನ ಮೇಲಷ್ಟೇ ಇತ್ತು. ಇಬ್ಬರಿಗೂ ಹೊಂದಾಣಿಕೆ ಆಗಿತ್ತು. ತುಡುವೆಯಲ್ಲಿ ನುಸಿ ಮರಿ ಮಾಡುವುದು ಹೆಚ್ಚಾಗಿ ಗಂಡು ಕಣಗಳಲ್ಲಿ ಮಾತ್ರ. ಮೆಲ್ಲಿಫೆರಾವನ್ನು ತುಡುವೆ ಇರುವ ಕಡೆಗೆ ಸಾಗಿಸಿದ ಮೇಲೆ ಇಪ್ಪತ್ತನೇ ಶತಮಾನದಲ್ಲಿ ನುಸಿ ಹೊಸ ಮನೆ ಹಿಡಿಯಿತು. ಅಲ್ಲಿ ಕೆಲಸಗಾರ ಕಣಗಳನ್ನೂ ಬಿಡಲಿಲ್ಲ. ಇದಕ್ಕೆ ವರೋವಾ ಡಿಸ್ಟ್ರಕ್ಟರ್ ಎಂಬ ಈಗಿನ ಹೆಸರು ಬಂದದ್ದು 2000ದಲ್ಲಿ. ಅಲ್ಲಿಯವರೆಗೆ ಬೇರೊಂದು ನುಸಿಯ ಹೆಸರಿನಲ್ಲಿ ಇದನ್ನು ಕರೆಯುತ್ತಿದ್ದರು. ನೊಣದ ರಕ್ತ ಹೀರುತ್ತದೆ ಅಂತಲೇ ಬಹಳ ಕಾಲ ನಂಬಿಕೆ ಇತ್ತು. ಬೆಳೆದ ನೊಣದಲ್ಲಿ ಮುಖ್ಯವಾಗಿ ತಿನ್ನುವುದು ಹೊಟ್ಟೆಯೊಳಗಿನ ಕೊಬ್ಬಿನ ಭಾಗವನ್ನು ಎಂದು 2019ರಲ್ಲಿ ತೋರಿಸಿದರು.

ನುಸಿಗೆ ಗಂಡು ಮರಿ ಅಂದರೆ ಪ್ರಾಣ. ಗಂಡಿನ ಕಣ ಹೆಚ್ಚು ದಿನ ಮುಚ್ಚಿರುತ್ತದೆ, ಅಷ್ಟರಲ್ಲಿ ನುಸಿಯ ಮರಿಗಳು ಬಲಿಯಲು ಜಾಸ್ತಿ ಸಮಯ ಸಿಗುತ್ತದೆ. ಅದಕ್ಕೇ ನಾನು ಆಗಾಗ ಗಂಡು ಕಣಗಳ ಎರಿಯನ್ನು ಮುಚ್ಚಿದ ಮೇಲೆ ಕತ್ತರಿಸಿ ತೆಗೆಯುತ್ತೇನೆ. ನುಸಿಗಳು ಅದರ ಜೊತೆಗೇ ಹೋಗುತ್ತವೆ. ಆ 46 ಮರಿಗಳನ್ನು ಎಣಿಸಲು ಸಿಕ್ಕಿದ್ದೂ ಹಾಗೆಯೇ. ಸುಮ್ನೆ ಕುತೂಹಲಕ್ಕೆ ಕೊಂದೆ ಅಂದುಕೊಳ್ಳಬೇಡಿ.

ಫೋಟೋದ ಕೆಳಗಿನ ನಿಮ್ಮ ಒಂದು ಸಾಲಿನಿಂದ ಆಗುವ ನಷ್ಟ ಇಲ್ಲಿದೆ. ಹೊಸದಾಗಿ ಜೇನು ಸಾಕುವವನು ರೆಕ್ಕೆ ಮುದುಡಿದ ನೊಣ ನೋಡಿ, ಜೀನ್ ಕೆಟ್ಟಿದೆ, ಇನ್ನು ಮಾಡುವುದೇನಿಲ್ಲ ಎಂದು ಕೈಕಟ್ಟಿ ಕೂರುತ್ತಾನೆ. ಇಲ್ಲವೇ ರಾಣಿಯನ್ನು ಹಿಸುಕಿ ಹಾಕುತ್ತಾನೆ. ಪಾಪದ ರಾಣಿ! ನುಸಿಗಳು ಮಾತ್ರ ಅಲ್ಲೇ ಬೆಳೆಯುತ್ತಿರುತ್ತವೆ. ಕೆಲವೇ ತಿಂಗಳಲ್ಲಿ ಪೆಟ್ಟಿಗೆ ಖಾಲಿ. ಅವನು ಮಾಡಬೇಕಾದದ್ದು ಬೇರೆ. ಅರ್ಧ ಲೋಟದಷ್ಟು, ಅಂದರೆ ಸುಮಾರು 300 ನೊಣಗಳನ್ನು ಜಾಲರಿ ಮುಚ್ಚಳದ ಡಬ್ಬಿಗೆ ಹಾಕಿ, ಸಕ್ಕರೆ ಪುಡಿ ಉದುರಿಸಿ, ಕುಲುಕಿ, ಬೋರಲು ಹಾಕಬೇಕು. ನುಸಿಗಳು ಪುಡಿಯ ಜೊತೆ ಕೆಳಗೆ ಬೀಳುತ್ತವೆ, ನೊಣಗಳು ಬದುಕಿಯೇ ಇರುತ್ತವೆ. ಬಿದ್ದದ್ದನ್ನು ಎಣಿಸಿ, ಜಾಸ್ತಿ ಇದ್ದರೆ ಔಷಧಿ ಇಡಬೇಕು. ಫಾರ್ಮಿಕ್ ಆಮ್ಲವೋ ಥೈಮಾಲೋ, ಋತು ನೋಡಿ. ಡಬ್ಬಿಗೆ ಹಾಕುವಾಗ ರಾಣಿ ಅದರಲ್ಲಿಲ್ಲವೆಂದು ನೋಡಿಕೊಳ್ಳಿ. ನಾನೊಮ್ಮೆ ನೋಡಿಕೊಂಡಿರಲಿಲ್ಲ.

ನಿಮ್ಮ ಬರಹದಲ್ಲಿ 'ಅರ್ಧ ಗಂಡು ಅರ್ಧ ಹೆಣ್ಣು ನೊಣ'ದ ಮಾತೂ ಒಂದು ಸಾಲಿನಲ್ಲಿ ಬಂದಿದೆ, ಅದನ್ನೂ ಈಗಿನ ಕಾಲದ ಕೇಡು ಎಂಬ ಹಾಗೆ. ಇದು ಹೊಸದಲ್ಲ. ಜರ್ಮನಿಯ ಕಾನ್‌ಸ್ಟಂಟ್ಸ್ ಊರಿನಲ್ಲಿ ಓಯ್‌ಗ್‌ಸ್ಟರ್ ಎಂಬ ಜೇನು ಸಾಕುವವರ ಒಂದು ಪೆಟ್ಟಿಗೆಯಲ್ಲಿ 1860ರ ದಶಕದಲ್ಲೇ ಇಂಥ ನೊಣಗಳು ರಾಶಿ ಬಿದ್ದಿದ್ದವು. ಪ್ರಾಣಿಶಾಸ್ತ್ರಜ್ಞ ಫಾನ್ ಸೀಬೋಲ್ಡ್ 1864ರಲ್ಲಿ ಅವುಗಳ ಬಗ್ಗೆ ಬರೆದರು. ಒಂದು ಕಡೆ ಗಂಡಿನ ದೊಡ್ಡ ಕಣ್ಣು, ಇನ್ನೊಂದು ಕಡೆ ಹೆಣ್ಣಿನ ಸಣ್ಣ ಕಣ್ಣು. ಕೆಲವಕ್ಕೆ ತಲೆ ಗಂಡಿನದು, ಹೊಟ್ಟೆ ಹೆಣ್ಣಿನದು. ತೆಗೆದಿಟ್ಟಿದ್ದ ಅದೇ ನೊಣಗಳನ್ನು ಅರ್ಧ ಶತಮಾನದ ಮೇಲೆ ಜೀವಶಾಸ್ತ್ರಜ್ಞ ತಿಯೋಡರ್ ಬೊವೇರಿ ಮತ್ತೆ ಪರೀಕ್ಷಿಸಿದರು. ಅದರ ಫಲ ಅಚ್ಚಾದದ್ದು 1915ರಲ್ಲಿ. ಒಂದು ಹಾಳು ಪೆಟ್ಟಿಗೆಯೆಂದು ಸುಟ್ಟು ಹಾಕಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು?

ಇಲ್ಲಿ ಆಗುವುದು ಜೀನಿನಲ್ಲಿ ಅಕ್ಷರ ತಪ್ಪುವುದಲ್ಲ, ಮೊಟ್ಟೆಯಲ್ಲಿ ನಡೆಯುವ ಅವಘಡ. ಜೇನಿನ ಮೊಟ್ಟೆಯೊಳಗೆ ಒಂದಕ್ಕಿಂತ ಹೆಚ್ಚು ವೀರ್ಯಾಣು ನುಗ್ಗುವುದು ಸಾಮಾನ್ಯ. ಒಂದು ಕೂಡಿಕೊಳ್ಳುತ್ತದೆ, ಉಳಿದವು ಸಾಯುತ್ತವೆ. ಅಪರೂಪಕ್ಕೆ ಉಳಿದದ್ದೊಂದು ಸಾಯದೆ ತಾನೇ ಒಡೆದು ಬೆಳೆಯುತ್ತದೆ. ಅದರ ಹತ್ತಿರ ಇರುವುದು 16 ಕ್ರೋಮೊಸೋಮು, ಹಾಗಾಗಿ ಅದರಿಂದ ಆದ ಭಾಗ ಗಂಡು. ಸಿಡ್ನಿ ವಿಶ್ವವಿದ್ಯಾಲಯದವರು ಒಂದೇ ಪೆಟ್ಟಿಗೆಯಲ್ಲಿ ಸಿಕ್ಕ ಇಂಥ 11 ನೊಣಗಳ ವಂಶವಾಹಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದಕ್ಕೆ ಇಬ್ಬರು ಅಪ್ಪಂದಿರು, ಅಮ್ಮನೇ ಇಲ್ಲ! ಮೊಟ್ಟೆ ರಾಣಿಯದೇ. ಆದರೆ ಅವಳ ಕ್ರೋಮೊಸೋಮು ಅದರಲ್ಲಿ ಸೇರಲಿಲ್ಲ. ಎರಡು ವೀರ್ಯಾಣು ತಮ್ಮಲ್ಲೇ ಕೂಡಿ ಹೆಣ್ಣುನೊಣವಾಯಿತು. ಇದನ್ನು ಓದಿದ ದಿನ ನಾನು ಭೂತಗನ್ನಡಿ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಭಯಪಡಲೇಬೇಕು ಅನ್ನುವವರಿಗೆ ದಕ್ಷಿಣ ಆಫ್ರಿಕಾದ ಕೇಪ್ ಜೇನಿನ ಕಥೆ ಹೇಳುತ್ತೇನೆ. ಸಾಮಾನ್ಯವಾಗಿ ರಾಣಿ ಇಲ್ಲದ ಗೂಡಿನಲ್ಲಿ ಕೆಲಸಗಾರ ನೊಣ ಮೊಟ್ಟೆ ಇಟ್ಟರೆ ಗಂಡು ಮಾತ್ರ ಹುಟ್ಟುತ್ತದೆ. ಕೇಪ್ ಜೇನಿನಲ್ಲಿ ಹಾಗಲ್ಲ. ಅಲ್ಲಿ ಗಂಡನ್ನು ಕೂಡದ ಕೆಲಸಗಾರ ನೊಣ ಹೆಣ್ಣು ಮೊಟ್ಟೆಯನ್ನೇ ಇಡಬಲ್ಲದು. ಆನಿಯನ್ಸ್ ಎಂಬವರು 1912ರಲ್ಲೇ ಇದನ್ನು ಬರೆದಿದ್ದರು. 1990ರಲ್ಲಿ ಕೇಪ್ ಜೇನಿನ ಪೆಟ್ಟಿಗೆಗಳನ್ನು ದೇಶದ ಉತ್ತರಕ್ಕೆ, ಬೇರೊಂದು ತಳಿಯ ಜೇನು ಇರುವ ಕಡೆಗೆ ಸಾಗಿಸಿದರು. ಅಲ್ಲಿ ಕೆಲಸಗಾರ ನೊಣಗಳು ಪರರ ಗೂಡಿಗೆ ನುಗ್ಗಿ ಮೊಟ್ಟೆ ಇಡತೊಡಗಿದವು. ಹುಟ್ಟಿದವೂ ಅದೇ ಕೆಲಸ ಮಾಡಿದವು. ಮಕರಂದ ತರುವವರಿಲ್ಲದೆ ಗೂಡುಗಳು ಸಾವಿರ ಸಾವಿರ ಲೆಕ್ಕದಲ್ಲಿ ಕುಸಿದವು. ಆ ನೊಣಗಳೆಲ್ಲ ಒಂದೇ ಒಂದು ಕೆಲಸಗಾರ ನೊಣದ ನಕಲುಗಳು. ಅವಳು ಸತ್ತು ದಶಕಗಳೇ ಕಳೆದರೂ ಅವಳ ನಕಲುಗಳು ಇನ್ನೂ ಹಾಗೇ ಮುಂದುವರಿದಿವೆ. ನಿಮ್ಮ ತಲೆಬರಹಕ್ಕೆ ಇದು ಹೊಂದುತ್ತಿತ್ತು. ಆದರೆ ಇದನ್ನೂ ಹಬ್ಬಿಸಿದ್ದು ಜೀನಲ್ಲ, ಪೆಟ್ಟಿಗೆ ಹೊತ್ತ ಲಾರಿ.

ನಾನೂ ಸಾಚಾ ಅಲ್ಲ. ಸಾಕಲು ಶುರು ಮಾಡಿದ ಹೊಸದರಲ್ಲಿ ಎರಡನೇ ಪೆಟ್ಟಿಗೆ ನನಗೆ ಬಹಳ ಅಚ್ಚುಮೆಚ್ಚು. ಕಚ್ಚುತ್ತಿರಲಿಲ್ಲ, ತುಪ್ಪ ತುಂಬ ಕೊಡುತ್ತಿತ್ತು. ಅದರಿಂದಲೇ ವರ್ಷಗಟ್ಟಲೆ ರಾಣಿಗಳನ್ನು ಎಬ್ಬಿಸಿ ಎಲ್ಲ ಪೆಟ್ಟಿಗೆಗೂ ಕೊಟ್ಟೆ. ನಾಲ್ಕನೇ ವರ್ಷ ಎರಿಗಳಲ್ಲಿ ಮರಿ ಜರಡಿಯ ಹಾಗೆ ತೂತು ತೂತಾಗಿ ಕಾಣತೊಡಗಿತು. ಒಂದು ಕಣ ತುಂಬಿದ್ದರೆ ಪಕ್ಕದ್ದು ಖಾಲಿ. ರೋಗ ಅಂದುಕೊಂಡೆ. ರೋಗ ಇರಲಿಲ್ಲ. ಹೆಣ್ಣೋ ಗಂಡೋ ಎಂದು ತೀರ್ಮಾನಿಸುವ ಒಂದು ಜೀನ್ ಜೇನಿನಲ್ಲಿದೆ. ಜರ್ಮನಿಯ ಮಾರ್ಟಿನ್ ಬೈಯೆ ಮತ್ತು ಸಂಗಡಿಗರು 2003ರಲ್ಲಿ ಅದನ್ನು ಗುರುತಿಸಿದರು. ಹೆಸರು ಸಿಎಸ್‌ಡಿ. ಅದರ ಎರಡು ಪ್ರತಿಗಳು ಬೇರೆ ಬೇರೆ ಥರದವಾಗಿದ್ದರೆ ಹೆಣ್ಣು. ಒಂದೇ ಪ್ರತಿ ಇದ್ದರೆ ಗಂಡು. ಆದರೆ ಎರಡು ಪ್ರತಿ ಇದ್ದೂ ಎರಡೂ ಒಂದೇ ಥರದವಾಗಿದ್ದರೆ? ಅದೂ ಗಂಡೇ, 32 ಕ್ರೋಮೊಸೋಮಿನ ಗಂಡು. ಅದನ್ನು ಕೆಲಸಗಾರ ನೊಣಗಳು ಮೊಟ್ಟೆಯೊಡೆದ ಕೆಲವೇ ಗಂಟೆಯಲ್ಲಿ ಪತ್ತೆ ಹಚ್ಚಿ ತಿಂದುಬಿಡುತ್ತವೆ. ಪೋಲೆಂಡಿನ ಯೆಜಿ ವೊಯ್ಕೆ 1963ರಲ್ಲಿ ಇದನ್ನು ತೋರಿಸಿಕೊಟ್ಟರು. ನನ್ನ ಖಾಲಿ ಕಣಗಳ ಗುಟ್ಟು ಅದೇ. ಎಲ್ಲ ಪೆಟ್ಟಿಗೆಯಲ್ಲೂ ಒಂದೇ ಮನೆತನ ಮಾಡಿಟ್ಟು ಜೀನಿನ ಬಗೆಗಳನ್ನು ನಾನೇ ಕಡಿಮೆ ಮಾಡಿದ್ದೆ. ಬೇರೆ ಕಡೆಯಿಂದ ಮೂರು ರಾಣಿ ತಂದ ಮೇಲೆ ಎರಿ ಮತ್ತೆ ತುಂಬಿತು.

ಜೇನಿಗೆ ಬೇಕಾಗಿರುವುದೇ ಈ ವ್ಯತ್ಯಾಸಗಳು. ಮುಚ್ಚಿದ ಕಣದೊಳಗೆ ನುಸಿ ಇದೆಯೆಂದು ವಾಸನೆಯಿಂದಲೇ ತಿಳಿದು, ಮುಚ್ಚಳ ಬಿಚ್ಚಿ, ಮರಿಯ ಸಮೇತ ಎಳೆದು ಹಾಕುವ ನೊಣಗಳು ಕೆಲವು ಗೂಡುಗಳಲ್ಲಿ ಇವೆ. ಅಂಥವನ್ನು ಆರಿಸಿ ಬೆಳೆಸುವ ಕೆಲಸ ಅಮೆರಿಕದ ಬ್ಯಾಟನ್ ರೂಜ್ ಪ್ರಯೋಗಾಲಯದಲ್ಲಿ ನಡೆದಿದೆ. ಆ ಗುಣವೂ ಯಾವುದೋ ಕಾಲದ ಮ್ಯುಟೇಷನ್ನುಗಳಿಂದಲೇ ಬಂದದ್ದಲ್ವಾ? ರೂಪಾಂತರ ಎಂಬ ಪದ ಕಂಡ ಕೂಡಲೇ ಹಿಂದೆ 'ಭಯಾನಕ' ಸೇರಿಸುವ ಅಭ್ಯಾಸ ಬಿಟ್ಟರೆ ಒಳ್ಳೆಯದು.

ನಾಲ್ಕನೇ ಪೆಟ್ಟಿಗೆಯ ರಾಣಿಯನ್ನು ನಾನು ತೆಗೆದಿಲ್ಲ. ತುಪ್ಪಕ್ಕೆ ಕೊರತೆ ಇಲ್ಲ, ಕೆಲಸಗಾರ ನೊಣಗಳೆಲ್ಲ ಸರಿಯಾಗಿವೆ. ಈ ವರ್ಷ ಅವಳ ಇಬ್ಬರು ಹೆಣ್ಣುಮಕ್ಕಳನ್ನು ರಾಣಿ ಮಾಡಿ ಬೇರೆ ಪೆಟ್ಟಿಗೆಗೆ ಬಿಟ್ಟಿದ್ದೆ. ಒಬ್ಬೊಬ್ಬಳಿಗೂ ಕೆಟ್ಟ ಪ್ರತಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಏಳನೇ ಪೆಟ್ಟಿಗೆಯ ಗಂಡುಗಳು ಹೋದ ತಿಂಗಳು ಹೊರಬಂದವು, ಎಲ್ಲವೂ ಕಪ್ಪು ಕಣ್ಣು. ಎಂಟನೆಯದರಲ್ಲಿ ಮೊನ್ನೆ ಬುಧವಾರ ಮೊದಲ ಬಿಳಿ ಕಣ್ಣು ಕಂಡಿತು.

ದಯವಿಟ್ಟು ಫೋಟೋದ ಬಗ್ಗೆ ಒಂದು ತಿದ್ದುಪಡಿ ಹಾಕಿ, ಮೂಲೆಯಲ್ಲಾದರೂ ಸರಿ. ನಿಜವಾದ ರೂಪಾಂತರದ ಚಿತ್ರವೇ ಬೇಕೆಂದರೆ ನಿಮ್ಮ ಫೋಟೋಗ್ರಾಫರನ್ನು ಕಳಿಸಿ. ಬಿಸಿಲು ಏರುವ ಮೊದಲು ಬರಲಿ, ಮಧ್ಯಾಹ್ನವಾದರೆ ಅವು ಹೊರಗೆ ಬಂದು ಹುಲ್ಲಿಗೆ ಬಿದ್ದಿರುತ್ತವೆ. ಫೋಟೋದ ಕೆಳಗೆ ಹಾಕುವ ಸಾಲನ್ನು ಮಾತ್ರ ಈ ಸಲ ನಾನೇ ಬರೆದುಕೊಡುತ್ತೇನೆ.

ಇಂತಿ,
ನಿಮ್ಮ ಓದುಗ, ಒಂಬತ್ತು ಪೆಟ್ಟಿಗೆಯ ಜೇನು ಸಾಕಣೆಗಾರ